ಟಿಎನ್‌ಎಐ ಸದಸ್ಯೆಯಾದೆ: ಫಾರಂ ತುಂಬುವುದರಿಂದ ಎಚ್‌ಆರ್ ರೂಮಿನವರೆಗೆ

"ಕೌನ್ಸಿಲ್‌ನಲ್ಲಿ ರಿಜಿಸ್ಟ್ರೇಷನ್ ಆಗಿದೆಯಲ್ಲ ಅಕ್ಕಾ, ಮತ್ತೆ ಅಸೋಸಿಯೇಷನ್‌ಗೆ ಯಾಕೆ ದುಡ್ಡು ಕಟ್ಟಬೇಕು?" ನಮ್ಮ ವಾರ್ಡಿಗೆ ನರ್ಸ್ ಆಗಿ ಹೊಸದಾಗಿ ಸೇರುವ ಹುಡುಗಿಯರು ಕೇಳುವ ಪ್ರಶ್ನೆ ಇದು. ಕೇಳುವುದು ಸಹಜವೇ. ಇದೆಲ್ಲ ಕಾಲೇಜಿನಲ್ಲಿ ಪಾಠವಾಗಿ ಬಂದಿರುತ್ತದೆ. ಐದು ಅಂಕದ ಪ್ರಶ್ನೆಗೆ ಅಂತ ಉರು ಹೊಡೆದಿರುತ್ತೇವೆ. ಪರೀಕ್ಷೆ ಮುಗಿದ ಮೇಲೆ ಯಾರಿಗೆ ನೆನಪಿರುತ್ತೆ?

ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್ ಇರುವುದು 1961ರ ರಾಜ್ಯ ಕಾಯ್ದೆಯ ಅಡಿಯಲ್ಲಿ. ಅದು ಕೊಡುವ ಆರ್‌ಎನ್ (ರಿಜಿಸ್ಟರ್ಡ್ ನರ್ಸ್), ಆರ್‌ಎಂ (ರಿಜಿಸ್ಟರ್ಡ್ ಮಿಡ್‌ವೈಫ್) ನಂಬರ್ ಇಲ್ಲದೆ ಯಾರೂ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಓದದೇ ಇರುವವರ ಕೈಗೆ ರೋಗಿ ಸಿಗಬಾರದು ಅನ್ನುವುದು ಅದರ ಉದ್ದೇಶ. ನಮ್ಮ ಸಂಬಳ, ನಮ್ಮ ರಜೆ, ನಮ್ಮ ಹಾಸ್ಟೆಲ್ ಊಟ ಇವೆಲ್ಲ ಅದರ ತಲೆನೋವಲ್ಲ. ಅದಕ್ಕೇ ಅಸೋಸಿಯೇಷನ್ ಬೇರೆಯಾಗಿ ಇದೆ. ನಾನು ಸೇರಿದ್ದು ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾದ ಕರ್ನಾಟಕ ಶಾಖೆಗೆ. ಎಲ್ಲರೂ ಕರೆಯುವುದು ಟಿಎನ್‌ಎಐ ಅಂತ. 1905ರಲ್ಲಿ ಲಕ್ನೋದಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳು ಕಟ್ಟಿಕೊಂಡ ಸಂಘ ಒಂದು, 1908ರಲ್ಲಿ ಹುಟ್ಟಿದ ನರ್ಸ್‌ಗಳ ಸಂಘ ಇನ್ನೊಂದು. 1922ರಲ್ಲಿ ಎರಡೂ ಸೇರಿ ಒಂದಾದವು. ಕೇಂದ್ರ ಕಚೇರಿ ದೆಹಲಿಯ ಗ್ರೀನ್ ಪಾರ್ಕ್‌ನಲ್ಲಿದೆ. ರಾಜ್ಯಕ್ಕೊಂದು ಶಾಖೆ. ಇದಕ್ಕೆ ಸೇರಲೇಬೇಕು ಅಂತ ಯಾವ ಕಾನೂನೂ ಇಲ್ಲ.

ನಾನು ಸೇರಿದ ಕಾರಣ ದೊಡ್ಡದೇನಲ್ಲ. ಕೌನ್ಸಿಲ್ ರಿನ್ಯೂವಲ್ ಐದು ವರ್ಷಕ್ಕೊಮ್ಮೆ ಬರುತ್ತದೆ, ಆಗ ಸಿಎನ್‌ಇ ಗಂಟೆಗಳ ಲೆಕ್ಕ ತೋರಿಸಬೇಕು. ಸಿಎನ್‌ಇ ಅಂದರೆ ಕೆಲಸಕ್ಕೆ ಸೇರಿದ ಮೇಲೂ ಮುಂದುವರಿಯುವ ಕಲಿಕೆ. ಅಸೋಸಿಯೇಷನ್‌ನವರು ನಡೆಸುವ ಕಾರ್ಯಕ್ರಮಕ್ಕೆ ಹೋದಾಗ ಸದಸ್ಯರಿಗೆ ಒಂದು ಶುಲ್ಕ, ಸದಸ್ಯರಲ್ಲದವರಿಗೆ ಜಾಸ್ತಿ. ಆ ವ್ಯತ್ಯಾಸ ನೋಡಿಯೇ ಫಾರಂ ಕೇಳಿದೆ. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಸೇರಿದ್ದು ರೈಲು ಟಿಕೆಟ್‌ಗಾಗಿ! ನರ್ಸ್‌ಗಳಿಗೆ ಸ್ಲೀಪರ್‌ನಲ್ಲಿ ಶೇ 25 ರಿಯಾಯಿತಿ ಇತ್ತು ಆಗ. 2020ರ ಮಾರ್ಚ್‌ನಲ್ಲಿ ರೈಲ್ವೆ ಬಹಳಷ್ಟು ರಿಯಾಯಿತಿಗಳನ್ನು ನಿಲ್ಲಿಸಿತಲ್ಲ, ಅದರ ಜೊತೆ ಇದೂ ಹೋಯಿತು.

ಫಾರಂ ಒಂದೆರಡು ಪುಟದ್ದು. ಅದನ್ನು ತುಂಬುವುದು ಸುಲಭ. ತಲೆ ಕೆಡಿಸುವುದು ಹೆಸರು.

ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಊರಿನ ಮತ್ತು ಅಪ್ಪನ ಇನಿಷಿಯಲ್ ಇವೆ. ಡಿಪ್ಲೊಮಾದಲ್ಲೂ, ಕೌನ್ಸಿಲ್ ಸರ್ಟಿಫಿಕೇಟ್‌ನಲ್ಲೂ ಹಾಗೇ. ಮದುವೆಯಾದ ಮೇಲೆ ಆಧಾರ್ ತಿದ್ದಿಸಿದಾಗ ಇನಿಷಿಯಲ್ ಹೋಗಿ ಗಂಡನ ಹೆಸರು ಬಂತು. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಥರ. ಕರ್ನಾಟಕದ ಅರ್ಧಕ್ಕರ್ಧ ಹೆಣ್ಣುಮಕ್ಕಳ ಕಥೆ ಇದೇ ಇರಬೇಕು. ಒಬ್ಬಳೇ ಇದ್ದರೂ ಕಾಗದದ ಮೇಲೆ ಮೂವರಾಗಿರುತ್ತೇವೆ. ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್, ಅಂದರೆ ಎನ್‌ಎಸ್ ಮೇಡಂ ಹೇಳಿದ್ದು ಒಂದೇ ಮಾತು: "ಕೌನ್ಸಿಲ್ ರಿಜಿಸ್ಟರ್‌ನಲ್ಲಿ ಹೇಗಿದೆಯೋ ಹಾಗೇ ಬರಿ. ಒಂದು ಚುಕ್ಕೆ ಕೂಡ ಆಚೀಚೆ ಆಗಬಾರದು." ಹಾಗೇ ಬರೆದೆ. ಮದುವೆಯ ನಂತರದ ಹೆಸರು ಬೇಕು ಅನ್ನುವವರು ಮೊದಲು ಕೌನ್ಸಿಲ್‌ನಲ್ಲಿ ತಿದ್ದಿಸಿಕೊಂಡು, ಆಮೇಲೆ ಇಲ್ಲಿಗೆ ಬರುವುದು ಒಳ್ಳೆಯದು. ಉಲ್ಟಾ ಮಾಡಿದರೆ ಮುಂದೆ ಸಿಎನ್‌ಇ ಸರ್ಟಿಫಿಕೇಟ್‌ನಲ್ಲಿ ಒಂದು ಹೆಸರು, ರಿಜಿಸ್ಟರ್‌ನಲ್ಲಿ ಇನ್ನೊಂದು ಹೆಸರು. ರಿನ್ಯೂವಲ್ ಸಮಯದಲ್ಲಿ ಅಫಿಡವಿಟ್ ಮಾಡಿಸಿಕೊಂಡು ಓಡಾಡಬೇಕಾಗುತ್ತದೆ.

ಎರಡನೇ ತೊಡಕು ಸ್ವಲ್ಪ ಕಹಿಯಾದದ್ದು. ಫಾರಂ ಜೊತೆ ಆರ್‌ಎನ್, ಆರ್‌ಎಂ ಸರ್ಟಿಫಿಕೇಟ್‌ಗಳ ದೃಢೀಕರಿಸಿದ ಜೆರಾಕ್ಸ್ ಇಡಬೇಕು. ದೃಢೀಕರಣಕ್ಕೆ ಸಹಿ ಹಾಕುವವರು ಒರಿಜಿನಲ್ ಕೇಳುತ್ತಾರೆ. ನನ್ನ ಒರಿಜಿನಲ್‌ಗಳು ಆಗ ಇದ್ದದ್ದು ನಾನು ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆಯ ಎಚ್‌ಆರ್ ಬೀರುವಿನಲ್ಲಿ. ಸೇರುವಾಗಲೇ ಇಸಿದುಕೊಂಡಿದ್ದರು, ಬಿಟ್ಟು ಹೋಗದಿರಲಿ ಅಂತ. ಇದು ನಮ್ಮಲ್ಲಿ ಎಷ್ಟು ಮಾಮೂಲಿ ಅಂದರೆ, ತಪ್ಪು ಅಂತ ಕೂಡ ಯಾರಿಗೂ ಅನಿಸುವುದಿಲ್ಲ. ಕೇಳಿದೆ. "ಯಾಕೆ ಸಿಸ್ಟರ್, ಫಾರಿನ್‌ಗೆ ಹೊರಟ್ರಾ?" ಅಂದರು. ಅಸೋಸಿಯೇಷನ್‌ಗೆ ಅಂದೆ. ಅದು ಅವರಿಗೆ ಫಾರಿನ್‌ಗಿಂತ ಕೆಟ್ಟ ಸುದ್ದಿ ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಕೊನೆಗೆ ಒಬ್ಬ ಕ್ಲರ್ಕ್ ಜೊತೆ ಮಾಡಿ, ಒಂದು ಮಧ್ಯಾಹ್ನದ ಮಟ್ಟಿಗೆ ಕೊಟ್ಟರು. ತಾಲ್ಲೂಕು ಆಸ್ಪತ್ರೆಯ ವೈದ್ಯಾಧಿಕಾರಿ ಸಹಿ ಹಾಕಿ ಸೀಲ್ ಒತ್ತುವವರೆಗೂ ಆತ ನನ್ನ ಸರ್ಟಿಫಿಕೇಟ್ ಕವರ್ ಕೈಬಿಡಲಿಲ್ಲ.

ಉಳಿದದ್ದೆಲ್ಲ ಸಲೀಸು. ಪಾಸ್‌ಪೋರ್ಟ್ ಸೈಜ್ ಫೋಟೊ, ಆಜೀವ ಸದಸ್ಯತ್ವದ ಶುಲ್ಕಕ್ಕೆ ಡಿ.ಡಿ., ಕಳಿಸಿದ್ದಕ್ಕೆ ಅಂಚೆ ರಸೀದಿ. ನಂಬರ್ ಬಂತು. ಆಜೀವ ಸದಸ್ಯತ್ವವೇ ವಾಸಿ ಅಂತ ನನ್ನ ಅಭಿಪ್ರಾಯ. ಒಂದು ಸಲ ಕಟ್ಟಿದರೆ ಮುಗಿಯಿತು. ನಮ್ಮಂಥ ಶಿಫ್ಟ್ ಕೆಲಸದವರಿಗೆ ನವೀಕರಣದ ತಾರೀಖು ನೆನಪಿಟ್ಟುಕೊಳ್ಳುವುದು ಆಗದ ಮಾತು.

ಮೊದಲು ಹೋದ ಸಿಎನ್‌ಇ ಬಗ್ಗೆ ಹೇಳಬೇಕು. ನೈಟ್ ಮುಗಿಸಿ ನೇರ ಬಸ್ ಹತ್ತಿ ಬಂದವರು ಬಹಳ ಜನ. ಹಾಲ್‌ನ ಹಿಂದಿನ ಸಾಲುಗಳಲ್ಲಿ ತೂಕಡಿಕೆ. ಉದ್ಘಾಟನೆ, ದೀಪ, ಹಾರ, ಶಾಲು, ಗಣ್ಯರ ಮಾತು ಎಲ್ಲ ಮುಗಿಯುವಷ್ಟರಲ್ಲಿ ಹೊತ್ತು ಬಹಳ ಆಗಿತ್ತು. ಈ ಶಾಲುಗಳನ್ನು ಕಮ್ಮಿ ಮಾಡಿದರೆ ಪಾಠಕ್ಕೆ ಇನ್ನೊಂದು ಗಂಟೆ ಸಿಗುತ್ತದೆ, ನಮ್ಮ ರಾಜ್ಯದ ಯಾವ ಕಾರ್ಯಕ್ರಮಕ್ಕೂ ಇದು ಅನ್ವಯಿಸುತ್ತದೆ ಬಿಡಿ. ಆದರೆ ಆಮೇಲೆ ಬಂದ ಐವಿ ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಪಾಠ ನಿದ್ದೆ ಓಡಿಸಿತು. ವಿಐಪಿ ಸ್ಕೋರ್ ಅಂತ ಒಂದಿದೆ. ಕ್ಯಾನುಲಾ ಹಾಕಿದ ಜಾಗ ನೋಡಿ 0ಯಿಂದ 5ರವರೆಗೆ ಅಂಕ ಕೊಡುವುದು. ಏನೂ ಇಲ್ಲದಿದ್ದರೆ 0. ನೋವು, ಕೆಂಪು, ಊತ ಇವುಗಳಲ್ಲಿ ಎರಡು ಕಂಡರೆ 2, ಆಗಲೇ ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಬೇಕು. ನಾವು ಅಲ್ಲಿಯವರೆಗೆ "ಡ್ರಿಪ್ ಓಡುತ್ತಿದೆಯಲ್ಲ, ಇರಲಿ" ಅಂತ ಬಿಡುತ್ತಿದ್ದೆವು. ಆ ಚಾರ್ಟನ್ನು ಜೆರಾಕ್ಸ್ ಮಾಡಿಸಿ ಮೆಡಿಸಿನ್ ಟ್ರಾಲಿಯ ಮುಚ್ಚಳದ ಒಳಗೆ ಅಂಟಿಸಿದೆ. ಯಾವ ಮೀಟಿಂಗೂ ಬೇಕಾಗಲಿಲ್ಲ, ಶಿಫ್ಟಿಗೆ ಬರುವವರೆಲ್ಲ ನೋಡಿ ನೋಡಿ ಕಲಿತರು. ಹ್ಯಾಂಡೋವರ್ ಕೊಡುವಾಗ "ಬೆಡ್ 9, ಎಡಗೈ, ಸ್ಕೋರ್ 1" ಅಂತ ಹೇಳುವುದು ಅಭ್ಯಾಸವಾಯಿತು.

ಸಂಘದ ನಿಯತಕಾಲಿಕೆ ನರ್ಸಿಂಗ್ ಜರ್ನಲ್ ಆಫ್ ಇಂಡಿಯಾ. 1910ರಿಂದ ಬರುತ್ತಿದೆ. ಎಲ್ಲ ಲೇಖನಗಳೂ ನಮಗೆ ಬೇಕಾದವಲ್ಲ, ಎಂ.ಎಸ್ಸಿ. ಪ್ರಬಂಧಗಳೇ ಜಾಸ್ತಿ. ಎನ್‌ಎಸ್ ಮೇಡಂ ಹತ್ತಿರ ಹಳೆಯ ಸಂಚಿಕೆಗಳ ಕಟ್ಟು ಇತ್ತು. ಊಟದ ಬಿಡುವಿನಲ್ಲಿ ಅದನ್ನು ತಿರುವಿ ಹಾಕುತ್ತಿದ್ದಾಗ, ಅವರೇ ಪೆನ್‌ನಿಂದ ಗೆರೆ ಹೊಡೆದಿದ್ದ ಕೋರ್ಟ್ ಸುದ್ದಿ ಕಣ್ಣಿಗೆ ಬಿತ್ತು. ಕೇಳಿದರೆ, "ಅಸೋಸಿಯೇಷನ್‌ನವರೇ ಹಾಕಿದ ಕೇಸ್ ಇದು. ನಿನಗೆ ಗೊತ್ತಿಲ್ವಾ?" ಅಂದರು.

ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳ ಮತ್ತು ಕೆಲಸದ ಪರಿಸ್ಥಿತಿ ಬಗ್ಗೆ ಟಿಎನ್‌ಎಐ 2011ರಲ್ಲಿ ಸುಪ್ರೀಂ ಕೋರ್ಟ್‌ಗೆ ರಿಟ್ ಅರ್ಜಿ ಹಾಕಿತ್ತು. 2016ರ ಜನವರಿ 29ರಂದು ಕೋರ್ಟ್ ಆದೇಶ ಕೊಟ್ಟು, ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಸಮಿತಿಯ ಶಿಫಾರಸು ಹಾಸಿಗೆ ಲೆಕ್ಕದ್ದು. 200ಕ್ಕಿಂತ ಜಾಸ್ತಿ ಹಾಸಿಗೆ ಇರುವ ಖಾಸಗಿ ಆಸ್ಪತ್ರೆಯಲ್ಲಿ ಸಂಬಳ ಆ ರಾಜ್ಯದ ಸರ್ಕಾರಿ ನರ್ಸ್‌ಗೆ ಸಮ. 100 ದಾಟಿದ್ದರೆ ಸರ್ಕಾರಿ ಸಂಬಳಕ್ಕೆ ಹೋಲಿಸಿದರೆ ಕಡಿತ ಶೇ 10 ದಾಟಬಾರದು. 50ರಿಂದ 100 ಇದ್ದರೆ ಆ ಕಡಿತ ಶೇ 25 ದಾಟಬಾರದು. 50ಕ್ಕಿಂತ ಚಿಕ್ಕ ನರ್ಸಿಂಗ್ ಹೋಂನಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ರಜೆ, ಕೆಲಸದ ಅವಧಿ, ವೈದ್ಯಕೀಯ ಸೌಲಭ್ಯ, ಓಡಾಟ, ವಸತಿ ಇವುಗಳಲ್ಲೂ ಸರ್ಕಾರಿ ನರ್ಸ್‌ಗಳ ಮಟ್ಟ ಇರಬೇಕು. ಇದನ್ನು ಜಾರಿ ಮಾಡಿ ಅಂತ ಕೇಂದ್ರ ಸರ್ಕಾರ ರಾಜ್ಯಗಳಿಗೆ ಪತ್ರ ಬರೆಯಿತು.

ನಮ್ಮದು 100 ಹಾಸಿಗೆ ದಾಟಿದ ಆಸ್ಪತ್ರೆ. ಆ ಪುಟ ಓದಿದ ಮೇಲೆ ನನ್ನ ಪೇ ಸ್ಲಿಪ್ ನೋಡಿ ನಗು ಬಂತು.

ಸಿಎನ್‌ಇಯಲ್ಲಿ ಪರಿಚಯವಾಗಿದ್ದ ರಾಜ್ಯ ಶಾಖೆಯ ಹಿರಿಯ ಮೇಡಂ ಒಬ್ಬರಿಗೆ ಫೋನ್ ಮಾಡಿ, ಆಸ್ಪತ್ರೆಯವರಿಗೆ ಏನಂತ ಬರೆದುಕೊಡಬೇಕು ಅಂತ ಕೇಳಿದೆ. ಅಸೋಸಿಯೇಷನ್ ಸೇರಿ ನನಗೆ ಸಿಕ್ಕಿದ್ದರಲ್ಲಿ ಬೆಲೆಬಾಳುವುದು ಆ ಫೋನ್ ನಂಬರ್. ಅವರು ಭಾಷಣ ಮಾಡಲಿಲ್ಲ, ಕೆಲಸ ಹೇಳಿದರು. "ಬೇಡಿಕೆಗಳು ಅಂತ ಹೆಡ್ಡಿಂಗ್ ಹಾಕಬೇಡಮ್ಮ, ಮನವಿ ಅಂತ ಹಾಕು. ಮೂರಕ್ಕಿಂತ ಹೆಚ್ಚು ವಿಷಯ ಬರೆಯಬೇಡ. ಒಂದು ತಿಂಗಳ ಡ್ಯೂಟಿ ರೋಸ್ಟರ್, ಅದೇ ತಿಂಗಳ ವಾರ್ಡ್ ಸೆನ್ಸಸ್ ಬುಕ್ (ದಿನಾ ಎಷ್ಟು ರೋಗಿಗಳಿದ್ದರು ಅನ್ನುವ ಲೆಕ್ಕದ ಪುಸ್ತಕ), ಎರಡನ್ನೂ ಪಕ್ಕಪಕ್ಕ ಇಟ್ಟು ರಾತ್ರಿ ಒಬ್ಬೊಬ್ಬ ನರ್ಸ್‌ಗೆ ಎಷ್ಟು ಪೇಷೆಂಟ್ ಬಂದಿದ್ದಾರೆ ಅಂತ ಬರಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ಪಕ್ಕದಲ್ಲೇ ಹಾಕು." ಆ ಲೆಕ್ಕ ಹೀಗಿದೆ: ಟೀಚಿಂಗ್ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಜನರಲ್ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು. ರಜೆ ಹೋಗುವವರ ಜಾಗಕ್ಕೆ ಶೇ 30 ಹೆಚ್ಚುವರಿ. ನಮ್ಮ ಮೇಲ್ ಮೆಡಿಕಲ್ ವಾರ್ಡಿನಲ್ಲಿ ರಾತ್ರಿ ಒಬ್ಬಳಿಗೆ ಇಪ್ಪತ್ತು ದಾಟುತ್ತಿತ್ತು. ರೋಸ್ಟರ್ ಆಸ್ಪತ್ರೆಯದೇ, ಸೆನ್ಸಸ್ ಬುಕ್ಕೂ ಆಸ್ಪತ್ರೆಯದೇ. ಸುಳ್ಳು ಅನ್ನೋಕೆ ಆಗಲ್ಲ.

ಅವರು ಹೇಳಿದ ಇನ್ನೊಂದು ಉಪಾಯ ಸಹಿಯದು. ಒಬ್ಬರ ಕೆಳಗೆ ಒಬ್ಬರು ಸಹಿ ಹಾಕಿದರೆ ಮೊದಲ ಹೆಸರಿನವರೇ ಲೀಡರ್ ಅಂತ ಹಿಡಿಯುತ್ತಾರೆ. ಊಟದ ತಟ್ಟೆ ಬೋರಲು ಹಾಕಿ ಪೆನ್ಸಿಲ್‌ನಿಂದ ವೃತ್ತ ಎಳೆದು, ಅದರ ಸುತ್ತ ಸಹಿ ಹಾಕಿದೆವು. ಯಾರು ಮೊದಲು, ಯಾರು ಕೊನೆ, ಗೊತ್ತೇ ಆಗುವುದಿಲ್ಲ. ನೈಟ್‌ನವರು ಬೆಳಿಗ್ಗೆ, ಡೇ ಶಿಫ್ಟ್‌ನವರು ಸಂಜೆ, ಹಾಕುತ್ತಾ ಹಾಕುತ್ತಾ ವೃತ್ತ ತುಂಬಿತು. ಇಬ್ಬರು ಬ್ರದರ್‌ಗಳ (ಗಂಡು ನರ್ಸ್‌ಗಳ) ಸಹಿಗೆ ಜಾಗವೇ ಇಲ್ಲದೆ ಒಳಗೆ ಹಾಕಿದರು.

ಎಚ್‌ಆರ್ ಮ್ಯಾನೇಜರ್ ಮನವಿಯಲ್ಲಿದ್ದ ಸಮಿತಿಯ ಮಾತು ಓದಿ, "ಸಿಸ್ಟರ್, ಇದು ಬರೀ ಶಿಫಾರಸು. ಕಾನೂನಲ್ಲ" ಅಂದರು. ಅವರು ಹೇಳಿದ್ದು ನಿಜವೇ. "ಹೌದು ಸರ್, ಶಿಫಾರಸೇ. ಆದರೆ ಸುಪ್ರೀಂ ಕೋರ್ಟ್ ಹೇಳಿ ಮಾಡಿಸಿದ್ದು" ಅಂದೆ. ಪಕ್ಕದಲ್ಲಿ ಕೂತಿದ್ದ ಎನ್‌ಎಸ್ ಮೇಡಂ ಬಾಯಿ ಬಿಡಲಿಲ್ಲ, ಆದರೆ ಸೆನ್ಸಸ್ ಬುಕ್ ಅನ್ನು ಮೆಲ್ಲಗೆ ಅವರ ಕಡೆ ತಳ್ಳಿದರು. ಸರ್ಕಾರಿ ಸಂಬಳದ ಹತ್ತಿರಕ್ಕೆ ನಾವು ಇವತ್ತಿಗೂ ಬಂದಿಲ್ಲ. ರಾತ್ರಿಗೆ ಇನ್ನೊಬ್ಬರು ನರ್ಸ್ ಬಂದರು, ನೈಟ್ ಭತ್ಯೆ ಸ್ವಲ್ಪ ಏರಿತು. ಸರ್ಟಿಫಿಕೇಟ್‌ಗಳನ್ನು ವಾಪಸ್ ಕೊಟ್ಟರು. ಪ್ಲಾಸ್ಟಿಕ್ ಕವರ್ ಸಮೇತ.

ಇಷ್ಟು ಹೇಳಿದ ಮೇಲೆ ಅಸೋಸಿಯೇಷನ್‌ನಿಂದ ಆಗದೇ ಇರುವುದನ್ನೂ ಹೇಳಬೇಕು. ಅದು ಸೊಸೈಟಿ ಕಾಯ್ದೆಯಡಿ ನೋಂದಣಿಯಾದ ವೃತ್ತಿ ಸಂಘ. ನಿಮ್ಮ ಆಸ್ಪತ್ರೆಯ ಗೇಟಿನ ಮುಂದೆ ಬಂದು ಕೂರುತ್ತಾರೆ ಅಂತ ಕಾಯಬೇಡಿ. ವಿದೇಶಕ್ಕೆ ಹೋಗುವವರಿಗೆ ಬೇಕಾದ ಗುಡ್ ಸ್ಟ್ಯಾಂಡಿಂಗ್ ಪತ್ರ (ರಿಜಿಸ್ಟ್ರೇಷನ್ ಸರಿಯಾಗಿದೆ, ದೂರಿಲ್ಲ ಅನ್ನುವ ಪತ್ರ), ಬೇರೆ ರಾಜ್ಯಕ್ಕೆ ರಿಜಿಸ್ಟ್ರೇಷನ್ ವರ್ಗಾವಣೆ ಇವೆಲ್ಲ ಕೌನ್ಸಿಲ್ ಕೆಲಸ. ಅದಕ್ಕೆ ಅಸೋಸಿಯೇಷನ್ ಕಾರ್ಡ್ ಹಿಡಿದು ಹೋದರೆ ಪ್ರಯೋಜನವಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಇರುವವರಿಗೆ ಬಡ್ತಿ, ವರ್ಗಾವಣೆ ವಿಚಾರಕ್ಕೆ ಅವರದೇ ನೌಕರರ ಸಂಘಗಳಿವೆ, ಎರಡರಲ್ಲೂ ಇರುವವರು ಬೇಕಾದಷ್ಟು ಜನ. ರೋಗಿಯ ಕಡೆಯವರು ಕೈ ಮಾಡಿದರೆ ಮೊದಲು ಪೊಲೀಸ್ ದೂರು. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವ 2009ರ ಕರ್ನಾಟಕ ಕಾಯ್ದೆ ಡಾಕ್ಟರ್‌ಗಳಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ, ಅದರಲ್ಲಿ ನರ್ಸ್‌ಗಳೂ ಬರುತ್ತಾರೆ. ನನಗೂ ಇದು ಗೊತ್ತಾಗಿದ್ದು ಸಿಎನ್‌ಇಯ ಊಟದ ಸಾಲಿನಲ್ಲಿ ನಿಂತಾಗ, ಬೇರೆ ಜಿಲ್ಲೆಯ ಸಿಸ್ಟರ್ ಒಬ್ಬರಿಂದ.

ಈಗ ಆ ಸಾಲಿನಲ್ಲಿ ಮಾತೆಲ್ಲ 2023ರ ಕಾಯ್ದೆಯದು. 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ, ರಾಜ್ಯಗಳಲ್ಲೂ ಆಯೋಗ ಆಗಬೇಕು. ಅದರಲ್ಲಿ ಬೆಡ್‌ಸೈಡ್ ಕೆಲಸ ಮಾಡುವ ನಮ್ಮಂಥವರ ಮಾತು ಯಾರು ಹೇಳಬೇಕು ಅಂತ ಜೋರಾಗಿಯೇ ಚರ್ಚೆ ನಡೆಯುತ್ತದೆ.

ಓದುತ್ತಿರುವವರು ಕಾಯಬೇಕಾಗಿಲ್ಲ. ವಿದ್ಯಾರ್ಥಿಗಳಿಗೆ ಎಸ್‌ಎನ್‌ಎ (ಸ್ಟೂಡೆಂಟ್ ನರ್ಸಸ್ ಅಸೋಸಿಯೇಷನ್) ಇದೆ, 1929ರಿಂದ. ನಿಮ್ಮ ಕಾಲೇಜಿನಲ್ಲಿ ಅದರ ಘಟಕ ಇದೆಯಾ ಅಂತ ಕೇಳಿ, ಇದ್ದರೆ ಹೆಸರು ಬರೆಸಿ. ಎಎನ್‌ಎಂ (ಸಹಾಯಕ ನರ್ಸ್ ಮಿಡ್‌ವೈಫ್) ಆದವರಿಗೆ ಬೇರೆ ವರ್ಗದ ಸದಸ್ಯತ್ವ ಇದೆ. ಕೆಲಸಕ್ಕೆ ಸೇರಿದವರು ಫಾರಂ ಕಳಿಸುವ ಮುಂಚೆ ಎಲ್ಲದರದ್ದೂ ಒಂದೊಂದು ಜೆರಾಕ್ಸ್ ಮನೆಯಲ್ಲಿ ಇಟ್ಟುಕೊಳ್ಳಿ, ರಸೀದಿ ಸಮೇತ. ವಿಳಾಸದ ಜಾಗದಲ್ಲಿ ಹಾಸ್ಟೆಲ್ ಅಡ್ರೆಸ್ ಬರೆಯಬೇಡಿ, ಊರಿನ ಮನೆಯದು ಬರೆಯಿರಿ. ಆಸ್ಪತ್ರೆ ಬದಲಾದರೂ ಕಾಗದ ಮನೆಗೆ ಬರುತ್ತದೆ.