ಬಣ್ಣ ಯಾವುದಕ್ಕೆ? ಮೊದಲು ಅದನ್ನು ಹೇಳಿ

ವೆಬ್ ಪುಟ ಕಟ್ಟಲು ಕಲಿಯುವವರು ಬಣ್ಣ ಆರಿಸುವಾಗ ತಡವರಿಸುವುದಿಲ್ಲ. ಬಳಿದ ಬಣ್ಣ ಬೇಡದ ಕಡೆಗೂ ಹರಡಿದಾಗ ಕಂಗಾಲಾಗುತ್ತಾರೆ. ಪುಟದ ಬಣ್ಣ, ಗಾತ್ರಗಳನ್ನು ಹೇಳುವ ಭಾಷೆಯೇ ಸಿಎಸ್‌ಎಸ್. ಸಿಎಸ್‌ಎಸ್‌ನ ಪ್ರತಿ ನಿಯಮದಲ್ಲೂ 'ಯಾವುದಕ್ಕೆ' ಮತ್ತು 'ಏನು' ಎಂಬ ಎರಡು ಭಾಗಗಳಿರುತ್ತವೆ. { ಚಿಹ್ನೆಗೆ ಮೊದಲು ಬರೆಯುವ 'ಯಾವುದಕ್ಕೆ' ಎಂಬುದೇ ಸೆಲೆಕ್ಟರ್.

ದರ್ಶಿನಿಯೊಂದರ ತಿಂಡಿ ಪಟ್ಟಿಯ ಪುಟ ಮಾಡುತ್ತಿದ್ದೀರಿ ಎಂದುಕೊಳ್ಳಿ. ಇಡ್ಲಿ, ಪೂರಿ, ಕೇಸರಿಬಾತ್ ಒಂದೊಂದೂ ಪಟ್ಟಿಯ ಒಂದು ಸಾಲು ಎಂದು ಗುರುತಿಸುವ ಎಲ್‌ಐ ಟ್ಯಾಗ್‌ನಲ್ಲಿದೆ. ಮೊದಲು ಟ್ಯಾಗ್‌ನ ಹೆಸರನ್ನೇ ಸೆಲೆಕ್ಟರ್ ಆಗಿ ಬರೆದು ಅಕ್ಷರದ ಗಾತ್ರ ಹೆಚ್ಚಿಸಿ. ಎಲ್ಲ ತಿಂಡಿಗಳೂ ದೊಡ್ಡದಾಗುತ್ತವೆ. ಪುಟದ ಕೊನೆಯಲ್ಲಿ ಅದೇ ಟ್ಯಾಗ್ ಬಳಸಿ ಬರೆದ ಶಾಖೆಗಳ ವಿಳಾಸಗಳೂ ದೊಡ್ಡದಾಗುತ್ತವೆ. ಇಡೀ ಪುಟಕ್ಕೆ ಸಲ್ಲುವ ಸಂಗತಿಗಳಿಗಷ್ಟೇ ಇದನ್ನು ಇಟ್ಟುಕೊಳ್ಳಿ.

ಸಿಹಿ ತಿಂಡಿಗಳು ಮಾತ್ರ ಕೇಸರಿ ಬಣ್ಣದಲ್ಲಿ ಕಾಣಬೇಕೇ? ಆ ಟ್ಯಾಗ್‌ಗಳಿಗೆ 'ಸಿಹಿ' ಎಂಬ ಕ್ಲಾಸ್, ಅಂದರೆ ಗುಂಪಿನ ಹೆಸರು, ಕೊಡಿ. ಸಿಎಸ್‌ಎಸ್‌ನಲ್ಲಿ ಆ ಹೆಸರಿನ ಹಿಂದೆ ಚುಕ್ಕಿ ಇಟ್ಟು .ಸಿಹಿ ಎಂದು ಬರೆಯಿರಿ. ಹೌದು, ಕ್ಲಾಸ್ ಹೆಸರು ಕನ್ನಡದಲ್ಲೇ ಇರಬಹುದು. ಕಡತವನ್ನು ಎಲ್ಲ ಲಿಪಿಗೂ ಒಗ್ಗುವ ಯುಟಿಎಫ್-8 ಸಂಕೇತದಲ್ಲಿ ಉಳಿಸಿರಬೇಕು, ಅಷ್ಟೇ. ಆದರೆ 'ಸ್ಪೆಷಲ್' ಥರದ ವ್ಯಂಜನಾಂತ ಹೆಸರುಗಳಲ್ಲಿ ಹುಷಾರು. ಒತ್ತಕ್ಷರವಾಗದಂತೆ ತಡೆಯುವ ಅದೃಶ್ಯ ಅಕ್ಷರವೊಂದು ಟೈಪಿಸುವಾಗ ಕೊನೆಯಲ್ಲಿ ಸೇರಿಕೊಂಡರೆ, ಅದಿರುವ ಹೆಸರೂ ಇಲ್ಲದ ಹೆಸರೂ ಕಣ್ಣಿಗೆ ಒಂದೇ. ಬ್ರೌಸರ್‌ಗೆ ಎರಡು ಬೇರೆ ಹೆಸರುಗಳು. ಈ ಕಾಣದ ಕಳ್ಳನನ್ನು ಹುಡುಕುತ್ತಾ ನನ್ನ ಒಂದು ಸಂಜೆ ಪೂರ್ತಿ ಹೋಗಿದೆ.

ಮುಂದಿನದು ಒಳ-ಹೊರಗಿನ ನಂಟು. ಇದಕ್ಕೆ ಚೌಚೌ ಬಾತ್‌ಗಿಂತ ಒಳ್ಳೆಯ ಉದಾಹರಣೆ ಬೇಡ: ಅದರ ಒಳಪಟ್ಟಿಯಲ್ಲಿ ಖಾರಾಬಾತೂ ಇದೆ, 'ಸಿಹಿ' ಕ್ಲಾಸಿನ ಕೇಸರಿಬಾತೂ ಇದೆ. ಹೊರಗಿನ ಪಟ್ಟಿಗೆ ಮಾತ್ರ 'ಪಟ್ಟಿ' ಎಂಬ ಕ್ಲಾಸ್ ಕೊಟ್ಟಿದ್ದೀರಿ. ನಡುವೆ ಜಾಗ ಬಿಟ್ಟು .ಪಟ್ಟಿ .ಸಿಹಿ ಎಂದರೆ ಎಷ್ಟೇ ಒಳಗಿದ್ದರೂ ಸಿಹಿಗೆ ಬಣ್ಣ ಬರುತ್ತದೆ. .ಪಟ್ಟಿ > .ಸಿಹಿ ಎಂದರೆ ನೇರ ಮಕ್ಕಳಿಗಷ್ಟೇ. ಚೌಚೌ ಬಾತ್‌ನೊಳಗಿನ ಮೊಮ್ಮಗುವಿಗೆ ಇಲ್ಲ. ಜಾಗವನ್ನೇ ಬಿಡದೆ .ಪಟ್ಟಿ.ಸಿಹಿ ಎಂದು ಬರೆದರೆ ಎರಡೂ ಕ್ಲಾಸ್ ಇರುವ ಒಂದೇ ಅಂಶವನ್ನು ಬ್ರೌಸರ್ ಹುಡುಕುತ್ತದೆ. ಅಂಥದ್ದು ನಮ್ಮ ಪುಟದಲ್ಲಿಲ್ಲ, ಹಾಗಾಗಿ ಏನೂ ಆಗುವುದಿಲ್ಲ.

ಎರಡು ನಿಯಮಗಳು ಒಂದೇ ತಿಂಡಿಗೆ ಬೇರೆ ಬೇರೆ ಬಣ್ಣ ಹೇಳಿದರೆ? ಟ್ಯಾಗ್‌ಗಿಂತ ಕ್ಲಾಸ್ ತೂಕದ್ದು, ಕ್ಲಾಸ್‌ಗಿಂತ # ಚಿಹ್ನೆಯ ಐಡಿ (ಪುಟದಲ್ಲಿ ಒಂದಕ್ಕೇ ಕೊಡುವ ಹೆಸರು) ತೂಕದ್ದು. 11 ಕ್ಲಾಸ್‌ಗಳನ್ನು ಪೋಣಿಸಿದರೂ ಒಂದು ಐಡಿಯನ್ನು ಮಣಿಸಲಾಗದು. ಅದಕ್ಕೇ ಅಲಂಕಾರಕ್ಕೆ ಐಡಿ ಮುಟ್ಟಬೇಡಿ ಎನ್ನುವುದು ನನ್ನ ಹಟ. ತೂಕ ಸಮನಾದರೆ ಕೊನೆಯಲ್ಲಿ ಬರೆದದ್ದು ಗೆಲ್ಲುತ್ತದೆ.

ಇಷ್ಟಾದರೂ ಬಣ್ಣ ಬಾರದಿದ್ದರೆ ಕಂಪ್ಯೂಟರ್ ಬ್ರೌಸರ್‌ನಲ್ಲಿ ಎಫ್12 ಒತ್ತಿ, ತೆರೆಯುವ ತಪಾಸಣೆ ಕಿಟಕಿಯಲ್ಲಿ ಆ ತಿಂಡಿಯನ್ನು ಆರಿಸಿ. ಸೋತ ಸಾಲಿನ ಮೇಲೆ ಗೆರೆ ಎಳೆದಿರುತ್ತದೆ. ನಿಮ್ಮ ನಿಯಮವೇ ಅಲ್ಲಿ ಕಾಣದಿದ್ದರೆ ಚುಕ್ಕಿ ಬಿಟ್ಟುಹೋಗಿದೆಯೇ, ಹೆಸರಿನ ಅಕ್ಷರ ತಪ್ಪಿದೆಯೇ ನೋಡಿ.