ಕಲಬುರಗಿಯ ಬಿಸಿಲು, ಧೂಳು, ಬೋರ್‌ನೀರಿನ ನಡುವೆ ಕಾರು ತೊಳೆದು ವ್ಯಾಕ್ಸ್ ಹಚ್ಚುವುದು

ನಮ್ಮೂರಲ್ಲಿ ಕಾರಿನ ಬಣ್ಣ ಜಾಸ್ತಿ ಹಾಳಾಗುವುದು ದಿನಾ ಬೆಳಿಗ್ಗೆ ಒಣ ಅರಿವೆಯಿಂದ ಒರೆಸಿ ಒರೆಸಿ. ನಂಬಿಕೆ ಬರದಿದ್ದರೆ ರಾತ್ರಿ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಬಾನೆಟ್ ಮೇಲೆ ಲೈಟಿನ ಬೆಳಕು ಬಿದ್ದ ಜಾಗ ನೋಡಿ. ಆ ಬೆಳಕಿನ ಸುತ್ತ ದುಂಡಗೆ ನೂರಾರು ಸಣ್ಣ ಗೀರು ಕಾಣುತ್ತವೆ. ಬಿಳಿ ಗಾಡಿಯಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ನನ್ನದು ಕಡು ನೀಲಿ, ಅದರಲ್ಲಿ ಯಾವುದನ್ನೂ ಮುಚ್ಚಿಡಲು ಆಗುವುದಿಲ್ಲ.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರ ಇರುತ್ತದೆ. ಹೊಳಪು ಕೊಡುವುದು ಅದೇ, ಬಿಸಿಲು ತಡೆಯುವುದೂ ಅದೇ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. 1 ಮಿಲಿಮೀಟರಿಗೆ 1000 ಮೈಕ್ರಾನ್, ಅಂದ ಮೇಲೆ ಎಷ್ಟು ತೆಳುವು ಅಂತ ನೀವೇ ಲೆಕ್ಕ ಹಾಕಿ. ರಸ್ತೆ ಧೂಳಿನಲ್ಲಿ ಸಣ್ಣ ಮರಳಿನ ಕಣ ಇದ್ದೇ ಇರುತ್ತದೆ. ಅದು ಕ್ಲಿಯರ್ ಕೋಟಿಗಿಂತ ಗಟ್ಟಿ. ಒಣ ಅರಿವೆ ಅದನ್ನು ಮೇಲಕ್ಕೆ ಎತ್ತುವುದಿಲ್ಲ, ಬಾನೆಟ್ ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ.

ನಾನು ಸೇಡಂ ರಸ್ತೆಯಲ್ಲಿ ದಿನಾ ಓಡಾಡುವ ಮಾಸ್ತರ. ಆ ಕಡೆ ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ಅವುಗಳ ಲಾರಿ. ಮಳೆಗಾಲದಲ್ಲಿ ಎರೆಮಣ್ಣು. ಮನೆಗೆ ಬಂದರೆ ಗಡಸು ಬೋರ್‌ನೀರು. ಹಾಗಾಗಿ ನನ್ನ ಪದ್ಧತಿ ಎರಡೇ ಮಾತಿನ ಮೇಲೆ ನಿಂತಿದೆ: ಗಾಡಿ ಒಣಗಿದ್ದಾಗ ಮುಟ್ಟಬಾರದು, ಒದ್ದೆಯಾದ ಮೇಲೆ ಹಾಗೇ ಬಿಡಬಾರದು. ಮುಂದೆ ಹೇಳುವುದೆಲ್ಲಾ ಇದರದೇ ವಿವರ.

ಹೊತ್ತು ಮತ್ತು ಜಾಗ

ಮಾರ್ಚಿನಿಂದ ಜೂನ್ ತನಕ ಬೆಳಿಗ್ಗೆ ಆರಕ್ಕೇ ಶುರು ಮಾಡಿ. ಎಂಟು ಗಂಟೆಯ ಬಿಸಿಲು ಬಿದ್ದರೆ ಮುಗೀತು, ಶಾಂಪೂ ಹಚ್ಚಿದಲ್ಲೇ ಒಣಗುತ್ತದೆ. ಅಂಗೈ ಹಿಂಭಾಗವನ್ನು ಬಾನೆಟ್ ಮೇಲೆ ಇಟ್ಟು ನೋಡಿ. ಬೆಚ್ಚಗಿದ್ದರೂ ಕಾಯಬೇಕು. ಆಗಷ್ಟೇ ಓಡಿಸಿ ಬಂದಿದ್ದರಂತೂ ಇಂಜಿನ್ ಪೂರ್ತಿ ಆರಲಿ. ನೆರಳು ಬೇಕು ಅಂತ ಬೇವಿನ ಮರದ ಕೆಳಗೆ ನಿಲ್ಲಿಸಬೇಡಿ, ತೊಳೆದು ಮುಗಿಸುವಷ್ಟರಲ್ಲಿ ಮೇಲಿನಿಂದ ಹಕ್ಕಿ ತನ್ನ ಕೆಲಸ ಮಾಡಿರುತ್ತದೆ. ಮನೆಯ ಪಡುವಣ ಗೋಡೆಯ ನೆರಳೇ ಬೆಳಗಿನ ಹೊತ್ತಿಗೆ ಒಳ್ಳೆಯದು.

ನೆಲ ಮಣ್ಣಿನದಾಗಿದ್ದರೆ ನೀರು ಸಿಡಿದು ಕೆಳಗಿನ ಭಾಗ ಮತ್ತೆ ಕೊಳೆಯಾಗುತ್ತದೆ. ನಮ್ಮಲ್ಲಿ ಬಹಳ ಮನೆಗಳ ಮುಂದೆ ಶಹಾಬಾದ್ ಪರ್ಸಿ ಹಾಸಿರುತ್ತದೆ, ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಏನೇನು ಬೇಕು

ಮೂರು ಬಕೆಟ್. ಒಂದರಲ್ಲಿ ಶಾಂಪೂ ನೀರು, ಒಂದರಲ್ಲಿ ಬರೀ ನೀರು, ಒಂದು ಚಕ್ರಕ್ಕೆ ಮಾತ್ರ. ಬರೀ ನೀರಿನ ಬಕೆಟಿನ ತಳದಲ್ಲಿ ತೂತಿನ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಬೋರಲು ಹಾಕಿ. ಮರಳು ಅದರ ಕೆಳಗೆ ಇಳಿದು ಕೂರುತ್ತದೆ, ಮತ್ತೆ ಕೈಗವುಸಿಗೆ ಹತ್ತುವುದಿಲ್ಲ. ಇದಕ್ಕೆಂದೇ ಮಾಡಿದ ಜಾಲಿ ಆನ್‌ಲೈನಿನಲ್ಲಿ ಸಿಗುತ್ತದೆ, ಬುಟ್ಟಿಯೂ ನಡೆಯುತ್ತದೆ.

ತೊಳೆಯಲು ಮೈಕ್ರೋಫೈಬರ್ ಕೈಗವುಸು. ಸ್ಪಂಜು ಬೇಡ, ಅದರ ಮೈ ಸಪಾಟಾಗಿರುವುದರಿಂದ ಕಣ ಒಳಗೆ ಹೋಗದೆ ಬಣ್ಣಕ್ಕೇ ಉಜ್ಜುತ್ತದೆ. ಒರೆಸಲು ದೊಡ್ಡದೊಂದು ದಪ್ಪ ಮೈಕ್ರೋಫೈಬರ್ ಟವೆಲ್, ವ್ಯಾಕ್ಸಿಗೆ ಬೇರೆ ಸಣ್ಣವು. ಹಳೆ ಬನಿಯನ್, ಹಳೆ ಧೋತರ ಇವೆಲ್ಲ ಚಕ್ರಕ್ಕೂ ಬಾಗಿಲ ಸಂದಿಗೂ ಇರಲಿ. ಬಣ್ಣದ ಹತ್ತಿರ ತರಬೇಡಿ, ಹೊಲಿಗೆ ಗೀರುತ್ತದೆ.

ಶಾಂಪೂ ಕಾರಿನದೇ ಆಗಬೇಕು. ಪಾತ್ರೆ ತೊಳೆಯುವ ಸೋಪು ಜಿಡ್ಡು ತೆಗೆಯಲೆಂದೇ ಮಾಡಿದ್ದು. ನೀವು ಕಷ್ಟಪಟ್ಟು ಹಚ್ಚಿದ ವ್ಯಾಕ್ಸನ್ನೂ ಅದು ಬಿಡಿಸಿಕೊಂಡು ಹೋಗುತ್ತದೆ. ಬಟ್ಟೆಯ ಪುಡಿ ಇನ್ನೂ ಕೆಟ್ಟದ್ದು. ಕರಗದ ಕಾಳು ಉಳಿದರೆ ಅದೂ ಗೀರುತ್ತದೆ.

ಕೊನೆಯದು, ಕೈಯಿಂದ ಗಾಳಿ ಹೊಡೆಯುವ ಸ್ಪ್ರೇ ಪಂಪ್. ಗೊಬ್ಬರ, ಔಷಧಿ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಹೊಸದೇ ತನ್ನಿ. ತೊಗರಿಗೆ ಔಷಧಿ ಹೊಡೆದ ಪಂಪನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬೇಡಿ. ಪಂಪ್ ಇದ್ದರೆ ಪೈಪಿನ ಹಂಗಿಲ್ಲ. ನಳದ ನೀರು ಯಾವಾಗ ಬರುತ್ತದೋ ಎಂದು ಕಾಯುವ ನಮ್ಮಂಥವರಿಗೆ ಅದೇ ದೊಡ್ಡ ಉಳಿತಾಯ. ಪಕ್ಕದ ಮನೆಯವರು ಮಾತ್ರ ನೋಡಿದಾಗಲೆಲ್ಲ ಹೇಳುತ್ತಾರೆ: “ಇಷ್ಟ್ಯಾಕ್ರಿ ಸರ, ಪೈಪ್ ಹಚ್ಚಿ ಹೊಡದ್ರ ಹತ್ತು ಮಿನಿಟ್ನಾಗ ಆಗ್ತದ.” ಆಗುತ್ತದೆ, ಸುಳ್ಳಲ್ಲ. ಅವರ ಗಾಡಿ ಬಿಳಿಯದು.

ತೊಳೆಯುವುದು

ಚಕ್ರ ಮೊದಲು. ಕೊನೆಗೆ ಇಟ್ಟುಕೊಂಡರೆ ಅದನ್ನು ಉಜ್ಜುವಷ್ಟರಲ್ಲಿ ಮೇಲಿನ ನೀರು ಒಣಗಿ ಕಲೆ ಕೂರುತ್ತದೆ. ಮಡ್‌ಗಾರ್ಡ್ ಒಳಗೆ ಎರೆಮಣ್ಣು ಅಂಟಿದ್ದರೆ ಕಡ್ಡಿಯಿಂದ ಕೆರೆಯಬೇಡಿ. ನೀರು ಹೊಡೆದು ಹತ್ತು ನಿಮಿಷ ಬಿಟ್ಟರೆ ತಾನೇ ಉಬ್ಬಿ ಹೆಂಟೆಯಾಗಿ ಬೀಳುತ್ತದೆ. ಚಕ್ರದ ಅರಿವೆ, ಚಕ್ರದ ಬಕೆಟ್ ಅಲ್ಲೇ ಮುಗಿಯಲಿ. ಬ್ರೇಕಿನಿಂದ ಉದುರಿದ ಕಬ್ಬಿಣದ ಪುಡಿ ಅದರಲ್ಲಿರುತ್ತದೆ.

ಆಮೇಲೆ ಇಡೀ ಗಾಡಿಗೆ ಬರೀ ನೀರು. ಇಲ್ಲಿ ಅವಸರ ಮಾಡಬೇಡಿ, ಇಡೀ ಕೆಲಸದಲ್ಲಿ ಬಣ್ಣ ಉಳಿಸುವ ಹಂತ ಇದೇ. ಮೇಲಿನಿಂದ ಕೆಳಗೆ ನೀರು ಬಿಡಿ, ನಂತರ ಪಂಪಿನಲ್ಲಿ ತೆಳು ಶಾಂಪೂ ನೀರು ತುಂಬಿ ಎಲ್ಲಾ ಕಡೆ ಹೊಡೆದು ಮೂರು-ನಾಲ್ಕು ನಿಮಿಷ ಬಿಡಿ. ಬಾಗಿಲ ಕೆಳಗೆ ಹರಿದು ಬರುವ ನೀರು ಗಮನಿಸಿ. ಮೊದಲು ಬೂದು ಬಣ್ಣದ್ದು ಇಳಿಯುತ್ತದೆ, ಆಮೇಲೆ ತಿಳಿಯಾಗುತ್ತದೆ. ತಿಳಿಯಾಗುವ ತನಕ ಕೈ ಹಚ್ಚಬೇಡಿ. ಬೆರಳಿಂದಲೂ ಬೇಡ.

ಸಿಮೆಂಟ್ ಧೂಳು ಕೂತಿದ್ದರೆ ಇನ್ನಷ್ಟು ಹುಷಾರು. ಉಳಿದ ಧೂಳಿಗೆ ನೀರು ತಾಗಿದರೆ ಸಡಿಲಾಗುತ್ತದೆ, ಸಿಮೆಂಟಿಗೆ ನೀರು ತಾಗಿದರೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಇಬ್ಬನಿಯೇ ಸಾಕು, ಬೆಳಗಾಗುವಷ್ಟರಲ್ಲಿ ಗಾಜಿನ ಮೇಲೆ ಬಿಳಿ ಹರಳಿನಂತೆ ಕೂತಿರುತ್ತದೆ. ಆದ್ದರಿಂದ ಅಂಥ ದಿನ ಸ್ವಲ್ಪ ಸಿಂಪಡಿಸಿ ಬಿಡುವುದು ಸರಿಯಲ್ಲ. ತೊಳೆದರೆ ಧಾರಾಳ ನೀರು ಹಾಕಿ ಪೂರ್ತಿ ಇಳಿಸಿ, ಇಲ್ಲದಿದ್ದರೆ ಮುಟ್ಟಲೇಬೇಡಿ. ಈಗಾಗಲೇ ಗಟ್ಟಿಯಾದ ಚುಕ್ಕೆಗೆ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಸೇರಿಸಿ, ಅರಿವೆ ಅದ್ದಿ ಒಂದೆರಡು ನಿಮಿಷ ಮೇಲಿಡಿ. ಸುಣ್ಣದಂಶ ಹುಳಿಗೆ ಕರಗುತ್ತದೆ. ಬಿಸಿ ಲೋಹದ ಮೇಲೆ ಇದನ್ನು ಮಾಡಬಾರದು, ಮಾಡಿದ ಕೂಡಲೇ ನೀರಿನಿಂದ ತೊಳೆಯಬೇಕು.

ಈಗ ಕೈಗವುಸು. ಮೊದಲು ಮೇಲ್ಛಾವಣಿ, ಆಮೇಲೆ ಗಾಜು, ಬಾನೆಟ್, ಬಾಗಿಲ ಮೇಲರ್ಧ. ಬಾಗಿಲ ಕೆಳಗರ್ಧ ಮತ್ತು ಬಂಪರ್ ಕೊನೆಗೆ, ಯಾಕೆಂದರೆ ರಸ್ತೆ ಕೊಳೆಯೆಲ್ಲಾ ಅಲ್ಲೇ ಇರುತ್ತದೆ. ಒಂದು ಭಾಗ ಮುಗಿದ ಮೇಲೆ ಕೈಗವುಸನ್ನು ಬರೀ ನೀರಿನ ಬಕೆಟಿನಲ್ಲಿ ಜಾಲಾಡಿಸಿ, ಹಿಂಡಿ, ಆಮೇಲೆ ಶಾಂಪೂವಿನಲ್ಲಿ ಅದ್ದಿ. ಉಜ್ಜುವುದು ನೇರ ಗೆರೆಯಲ್ಲಿ, ಮುಂದಿನಿಂದ ಹಿಂದಕ್ಕೆ. ಒತ್ತಬೇಡಿ, ಕೈಗವುಸಿನ ಭಾರವೇ ಸಾಕು. ಅದು ನೆಲಕ್ಕೆ ಬಿತ್ತೋ, ಆ ದಿನಕ್ಕೆ ಅದರ ಕೆಲಸ ಮುಗೀತು. ಇನ್ನೊಂದು ತೆಗೆದುಕೊಳ್ಳಿ.

ದಿನಗೂಲಿಯ ಹುಡುಗ ತೊಳೆಯುವುದಾದರೆ ಇಷ್ಟೆಲ್ಲಾ ಹೇಳಲು ಆಗುವುದಿಲ್ಲ. ಒಂದೇ ಬಕೆಟಿನಲ್ಲಿ ಓಣಿಯ ಗಾಡಿಗಳೆಲ್ಲಾ ಮುಗಿಯಬೇಕು ಅವನಿಗೆ. ನಾನು ಹೇಳುವುದು ಇಷ್ಟೇ: “ತಮ್ಮಾ, ಗಾಜು ಅಷ್ಟೇ ಒರಸು, ಉಳದದ್ದು ಮುಟ್ಬ್ಯಾಡ.” ಪಗಾರ ಮೊದಲಿನಷ್ಟೇ ಕೊಡಿ, ಅವನಿಗೂ ಖುಷಿ.

ಒರೆಸುವುದು, ಮತ್ತು ನೀರಿನ ಕಲೆ

ನಮ್ಮದು ಸುಣ್ಣಕಲ್ಲಿನ ನೆಲ. ಬೋರ್‌ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಹನಿ ಆರಿದರೆ ನೀರು ಹೋಗಿ ಉಪ್ಪಿನಂಶ ಉಳಿಯುತ್ತದೆ, ಬಿಳಿ ಉಂಗುರ ಕೂರುತ್ತದೆ. ಕೊಡದ ಒಳಗೆ ಕಟ್ಟುವ ಬಿಳಿ ಪದರವೂ ಇದೇ. ಬಿಸಿಲಲ್ಲಿ ಕೆಲವು ವಾರ ಬಿಟ್ಟರೆ ಅದು ಕ್ಲಿಯರ್ ಕೋಟನ್ನೇ ಕೊರೆಯುತ್ತದೆ, ಆಮೇಲೆ ವಿನೆಗರಿಗೂ ಬಗ್ಗುವುದಿಲ್ಲ.

ಕೊನೆಯ ಸಲ ನೀರು ಹಾಕುವಾಗ ಸಿಂಪಡಿಸಬೇಡಿ. ಚೊಂಬಿನಿಂದ ಮೆಲ್ಲಗೆ ಮೇಲಿನಿಂದ ಹರಿಸಿ. ಹರಿಯುವ ನೀರು ಹನಿಗಳನ್ನೂ ಜೊತೆಗೆ ಕರೆದುಕೊಂಡು ಇಳಿಯುತ್ತದೆ. ಈ ಕೊನೆಯ ಚೊಂಬುಗಳಿಗೆ ಮಳೆನೀರು ಹಿಡಿದಿಟ್ಟಿದ್ದರೆ ಬಹಳ ಒಳ್ಳೆಯದು. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಅದರಲ್ಲಿ ಉಪ್ಪಿನಂಶ ಇಲ್ಲವೆನ್ನುವಷ್ಟು ಕಮ್ಮಿ. ಆದರೆ ಏಪ್ರಿಲ್‌ನ ಒಣ ಹವೆಯಲ್ಲಿ ಅದು ಜಾಸ್ತಿ ಸಿಗುವುದಿಲ್ಲ, ಮಳೆಗಾಲದಲ್ಲಿ ಬಕೆಟ್ ತುಂಬುತ್ತದೆ. ಆರ್‌ಓ ಮಷೀನಿನಿಂದ ಹೊರಗೆ ಬಿಡುವ ನೀರನ್ನು ಗಾಡಿಗೆ ಅಂತ ಕೂಡಿಡುವವರು ಇದ್ದಾರೆ. ಅದನ್ನು ಚಕ್ರಕ್ಕೆ, ನೆಲಕ್ಕೆ ಹಾಕಿ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲಾ ಅದರಲ್ಲೇ ಇರುವುದು. ಕೊನೆಗೆ ಹಾಕಲು ಅದಕ್ಕಿಂತ ಕೆಟ್ಟ ನೀರು ಮನೆಯಲ್ಲಿ ಇನ್ನೊಂದಿಲ್ಲ.

ಟವೆಲನ್ನು ಬಾನೆಟ್ ಮೇಲೆ ಹಾಸಿ, ಮೆಲ್ಲಗೆ ತಟ್ಟಿ, ನಿಮ್ಮ ಕಡೆ ಎಳೆಯಿರಿ. ಕನ್ನಡಿ, ನಂಬರ್ ಪ್ಲೇಟ್, ಬಾಗಿಲ ಹಿಡಿಕೆ ಇವುಗಳ ಹಿಂದೆ ನೀರು ನಿಂತಿರುತ್ತದೆ. ಬಾಗಿಲು ತೆರೆದು ಮುಚ್ಚಿ ಅದನ್ನೂ ಒರೆಸಿ.

ಹಕ್ಕಿ ಹಿಕ್ಕೆ, ಡಾಂಬರು

ಹಿಕ್ಕೆ ಹುಳಿ ಇರುತ್ತದೆ, ಬಿಸಿಲಿಗೆ ಬಣ್ಣವೂ ಹಿಗ್ಗಿ ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ಕಲೆ ಕೊರೆಯಬಹುದು. ಭಾನುವಾರ ತೊಳೆಯೋಣ ಅಂತ ಬಿಡಬೇಡಿ. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಟಿಶ್ಯೂ ಇಟ್ಟಿರಿ. ಒದ್ದೆ ಟಿಶ್ಯೂ ಮೇಲೆ ಹಾಕಿ ಐದು ನಿಮಿಷ ಬಿಟ್ಟು, ಒರೆಸದೆ ಎತ್ತಿ ತೆಗೆಯಿರಿ.

ಹೊಸ ರಸ್ತೆಯ ಡಾಂಬರು ಚುಕ್ಕೆಗೆ ಟಾರ್ ರಿಮೂವರ್ ಸಿಗುತ್ತದೆ. ಇಲ್ಲದಿದ್ದರೆ ಅರಿವೆ ತುದಿಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಚುಕ್ಕೆಗಷ್ಟೇ ಒತ್ತಿ ಹಿಡಿದು ತೆಗೆಯಿರಿ, ಆ ಜಾಗ ಶಾಂಪೂವಿನಿಂದ ತೊಳೆಯಿರಿ. ಇಡೀ ಗಾಡಿಗೆ ಡೀಸೆಲ್ ಒರೆಸುವ ಚಾಳಿ ಕೆಲವರಿಗಿದೆ. ಅರ್ಧ ದಿನ ಮಿಂಚುತ್ತದೆ, ನಿಜ. ಸಂಜೆಗೆ ಊರಿನ ಧೂಳೆಲ್ಲಾ ಅದಕ್ಕೆ ಅಂಟಿರುತ್ತದೆ.

ವ್ಯಾಕ್ಸ್

ವ್ಯಾಕ್ಸ್ ಕೊಳ್ಳುವಾಗ ಡಬ್ಬಿಯ ಹಿಂದೆ ಓದಿ. ಅಂಗಡಿಯಲ್ಲಿ ಪಾಲಿಶ್ ಕೊಟ್ಟು ವ್ಯಾಕ್ಸ್ ಎನ್ನುತ್ತಾರೆ. ಪಾಲಿಶ್ ಸಣ್ಣಗೆ ಉಜ್ಜಿ ಕ್ಲಿಯರ್ ಕೋಟನ್ನು ಸವೆಸುತ್ತದೆ, ಗೀರು ಮಾಯವಾಗುವುದು ಹಾಗೆಯೇ. ಅದನ್ನು ತಿಂಗಳಿಗೊಮ್ಮೆ ಮಾಡಿದರೆ ಪದರವೇ ಉಳಿಯುವುದಿಲ್ಲ. ವ್ಯಾಕ್ಸ್ ಮೇಲೆ ಕೂತು ಕಾಪಾಡುತ್ತದೆ ಅಷ್ಟೇ, ಗೀರು ತೆಗೆಯುವುದಿಲ್ಲ.

ಕಾರ್ನೌಬಾ ವ್ಯಾಕ್ಸ್ ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಯ ಎಲೆಯಿಂದ ಬರುತ್ತದೆ. ಕಡು ಬಣ್ಣದ ಮೇಲೆ ಅದರ ಹೊಳಪೇ ಬೇರೆ. ಆದರೆ 42–43 ಡಿಗ್ರಿ ಬಿಸಿಲಲ್ಲಿ ದಿನಾ ಹೊರಗೆ ನಿಲ್ಲುವ ಗಾಡಿಯ ಮೇಲೆ ಬೇಗ ಹೋಗುತ್ತದೆ. ಬೇಸಿಗೆಗೆ ಮುಂಚೆ ನಾನು ಹಚ್ಚುವುದು ಸಿಂಥೆಟಿಕ್ ಸೀಲೆಂಟ್, ಅಂದರೆ ವ್ಯಾಕ್ಸಿನ ಕೆಲಸವನ್ನೇ ಮಾಡುವ ಕೃತಕ ಲೇಪ. ಅದು ಇನ್ನಷ್ಟು ತಿಂಗಳು ತಾಳುತ್ತದೆ. ಕಾರ್ನೌಬಾ ದೀಪಾವಳಿಗೆ. ಮದುವೆ, ಜಾತ್ರೆಗೆ ಗಾಡಿ ಒಯ್ಯುವಾಗ ನಾಲ್ಕು ಜನ ನೋಡಲಿ ಅಂತ!

ಹಚ್ಚುವ ಮುಂಚೆ, ತೊಳೆದು ಒರೆಸಿದ ಬಾನೆಟ್ ಮೇಲೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕೈಯಾಡಿಸಿ. ಗರಗರ ಅಂದರೆ ಇನ್ನೂ ಏನೋ ಅಂಟಿದೆ. ಕ್ಲೇ ಬಾರ್ ಎಂಬ ಮಣ್ಣಿನಂಥ ಮುದ್ದೆ ಸಿಗುತ್ತದೆ, ಶಾಂಪೂ ನೀರು ಚೆನ್ನಾಗಿ ಹೊಡೆದು ಹಗುರವಾಗಿ ಜಾರಿಸಿ, ಆಗಾಗ ಮಡಚಿ ಹೊಸ ಮೈ ಮಾಡಿಕೊಳ್ಳಿ. ಅದು ಕೆಳಗೆ ಬಿದ್ದರೆ ಬಿಸಾಡಿ, ದುಡ್ಡಿನ ಮುಖ ನೋಡಬೇಡಿ. ವರ್ಷಕ್ಕೆ ಒಂದೆರಡು ಸಲಕ್ಕಿಂತ ಇದು ಬೇಡ.

ಇನ್ನು ವ್ಯಾಕ್ಸ್ ಎಷ್ಟು ಹಚ್ಚಬೇಕು? ತವೆಯ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರಲ್ಲ, ಅಷ್ಟು. ಕಂಡೂ ಕಾಣದಂತೆ. ದಪ್ಪ ಹಚ್ಚಿದರೆ ಜಾಸ್ತಿ ದಿನ ಬರುವುದಿಲ್ಲ, ತೆಗೆಯುವಾಗ ತೋಳು ಬೀಳುತ್ತದೆ ಅಷ್ಟೇ. ಅರ್ಧ ಬಾನೆಟ್, ಒಂದು ಬಾಗಿಲು, ಹೀಗೆ ತುಂಡು ತುಂಡಾಗಿ ಹೋಗಿ. ಸ್ವಲ್ಪ ಹೊತ್ತಿಗೆ ಮಂಜು ಕವಿದಂತೆ ಮಬ್ಬಾಗುತ್ತದೆ. ಬೆರಳಿಂದ ಒಂದು ಗೆರೆ ಎಳೆಯಿರಿ. ಕೆಳಗೆ ಸ್ವಚ್ಛ ಹೊಳಪು ಕಂಡರೆ ಒರೆಸಬಹುದು, ಮೆತ್ತಿಕೊಂಡರೆ ಕಾಯಿರಿ. ನಮ್ಮ ಒಣ ಹವೆಯಲ್ಲಿ ಡಬ್ಬಿ ಮೇಲೆ ಬರೆದಿದ್ದಕ್ಕಿಂತ ಬೇಗ ಆಗುತ್ತದೆ. ಟವೆಲ್ ಎಂಟು ಮಡಿಕೆ ಮಾಡಿ, ಒಂದು ಮೈ ತುಂಬಿದಂತೆ ತಿರುಗಿಸಿ.

ಕಪ್ಪು ಪ್ಲಾಸ್ಟಿಕ್ ಪಟ್ಟಿ, ವೈಪರ್ ಕೆಳಗಿನ ಭಾಗಕ್ಕೆ ವ್ಯಾಕ್ಸ್ ತಾಗಬಾರದು, ಬಿಳಿಚಿಕೊಳ್ಳುತ್ತದೆ. ಅಲ್ಲೆಲ್ಲಾ ಮೊದಲೇ ಪೇಂಟರ್ ಟೇಪ್ ಅಂಟಿಸಿ. ಮ್ಯಾಟ್ ಬಣ್ಣದ ಗಾಡಿಗೆ ವ್ಯಾಕ್ಸ್ ಹಚ್ಚಬಾರದು. ಗ್ಯಾರೇಜಿನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ ಬಾಗಿಲಿದ್ದರೆ ಒಂದೆರಡು ತಿಂಗಳು ಬಿಡಿ. ಒಳಗಿನ ಥಿನ್ನರ್ ಪೂರ್ತಿ ಆರಿ ಹೊರಗೆ ಹೋಗಬೇಕು.

ಆಮೇಲಿನ ದಿನಗಳು

ವ್ಯಾಕ್ಸ್ ಇದೆಯೋ ಹೋಯಿತೋ ಅನ್ನುವುದಕ್ಕೆ ತಾರೀಕು ನೋಡಬೇಕಿಲ್ಲ. ನೀರು ಹಾಕಿದಾಗ ದುಂಡು ಹನಿಯಾಗಿ ಉರುಳಿದರೆ ಇದೆ. ಚಪ್ಪಟೆಯಾಗಿ ಹರಡಿಕೊಂಡು ನಿಂತರೆ ಮತ್ತೆ ಹಚ್ಚುವ ಕಾಲ ಬಂತು.

ಕವರ್ ಹಾಕುವವರು ಒಂದು ಗಮನಿಸಿ. ಧೂಳು ಕೂತ ಗಾಡಿಗೆ ಕವರ್ ಹಾಕಿದರೆ, ಏಪ್ರಿಲ್-ಮೇ ಗಾಳಿಗೆ ಅದು ರಾತ್ರಿಯಿಡೀ ಅಲ್ಲಾಡಿ ಉಜ್ಜುತ್ತಲೇ ಇರುತ್ತದೆ. ತೊಳೆದ ಗಾಡಿಗೆ ಹಾಕಿ, ಇಲ್ಲವಾದರೆ ಸುಮ್ನೆ ಬಿಡಿ. ಸಾದಾ ಧೂಳು ಕೂತಷ್ಟು ಹೊತ್ತು ಏನೂ ಮಾಡುವುದಿಲ್ಲ.

ಮೈಕ್ರೋಫೈಬರ್ ಅರಿವೆಗಳನ್ನು ಮನೆ ಬಟ್ಟೆಯ ಜೊತೆ ಮಷೀನಿಗೆ ಹಾಕಬೇಡಿ, ಟವೆಲಿನ ನೂಲೆಲ್ಲಾ ಹತ್ತುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ಕಂಡೀಷನರ್ ಬೇಡ, ಎಳೆ ಮುಚ್ಚಿ ನೀರು ಹೀರುವುದು ನಿಲ್ಲುತ್ತದೆ. ಲಿಕ್ವಿಡ್ ಸೋಪಿನಲ್ಲಿ ಕೈಯಿಂದ ಹಿಂಡಿ, ಮನೆಯ ಒಳಗೆ ಹಗ್ಗದ ಮೇಲೆ ಒಣಗಿಸಿ. ಮಾಳಿಗೆ ಮೇಲೆ ಹಾಕಿದರೆ ಸಂಜೆಗೆ ಅದರಲ್ಲೂ ಧೂಳು. ಒಣಗಿದ ಮೇಲೆ ಜಿಪ್ ಚೀಲದಲ್ಲಿ ಹಾಕಿ, ಚಕ್ರದ್ದು ಬೇರೆ, ಬಣ್ಣದ್ದು ಬೇರೆ ಅಂತ ಬರೆದು ಬೀರುವಿನ ಮೇಲಿಡಿ. ಅಡುಗೆಮನೆ ಕಟ್ಟೆಗೆ ಒಳ್ಳೆ ಅರಿವೆ ಅಂತ ಮನೆಯವರ ಕಣ್ಣು ಅದರ ಮೇಲೆ ಇದ್ದೇ ಇರುತ್ತದೆ.