ಸರ್ಫೇಸ್ ಡ್ರೆಸಿಂಗ್: ಹಳ್ಳಿ ರಸ್ತೆಯಲ್ಲಿ ನನ್ನ ಅನುಭವ

ತಿಪಟೂರು–ತುರುವೇಕೆರೆ ಕಡೆ ನಾನು ಸರ್ಫೇಸ್ ಡ್ರೆಸಿಂಗ್ ಹಾಕಿದ ರಸ್ತೆ ಎರಡು ಮಳೆಗಾಲ ಕಳೆದಿದೆ, ಗುಂಡಿ ಬಿದ್ದಿಲ್ಲ. ಸರ್ಫೇಸ್ ಡ್ರೆಸಿಂಗ್ ಅಂದ್ರೆ ಇನ್ನೂ ಗಟ್ಟಿಯಾಗಿರೋ ರಸ್ತೆ ಮೇಲೆ ಎಮಲ್ಷನ್ (ನೀರಲ್ಲಿ ಬೆರೆಸಿದ ಡಾಂಬರು) ಸ್ಪ್ರೇ ಮಾಡಿ, ಮೇಲೆ ಜಲ್ಲಿ ಹರಡಿ ರೋಲರ್ ಓಡಿಸೋದು. "ಚೆನ್ನಾಗಿರೋ ರೋಡಿಗೆ ಯಾಕಪ್ಪಾ ದುಡ್ಡು ಸುರೀತೀಯ, ಹಾಳಾದ್ಮೇಲೆ ಮಾಡಿದ್ರೆ ದೊಡ್ಡ ಬಿಲ್ಲೇ ಆಗುತ್ತಲ್ಲ" ಅಂತ ನಕ್ಕವರೇ ಈಗ ಫೋನ್ ಮಾಡಿ ರೇಟು ಕೇಳ್ತಿದ್ದಾರೆ.

ದುಡ್ಡಿನ ಮಾತು ಮೊದಲು. 3.75 ಮೀಟರ್ ಅಗಲದ ರಸ್ತೆ, ಕಿಲೋಮೀಟರಿಗೆ 13 ಎಂಎಂ ಜಲ್ಲಿ 37–38 ಘನ ಮೀಟರ್, ಎಮಲ್ಷನ್ ಐದೂವರೆ ಟನ್ ಆಸುಪಾಸು. ಎಲ್ಲಾ ಸೇರಿ ನಾಲ್ಕು ಲಕ್ಷದ ಹತ್ತಿರ ಬಿತ್ತು. 20 ಎಂಎಂ ಕಾರ್ಪೆಟ್ಟು (ಜಲ್ಲಿ, ಡಾಂಬರು ಕಲಸಿ ಹಾಸೋ ಪದರ), ಮೇಲೆ ಸೀಲ್ ಕೋಟ್ (ನೀರು ಇಳಿಯದ ಹಾಗೆ ಮುಚ್ಚೋ ತೆಳು ಪದರ) ಅಂದಿದ್ರೆ ಹೆಚ್ಚುಕಮ್ಮಿ ಇದರ ಎರಡರಷ್ಟು. ಐದು ವರ್ಷದ ನಿರ್ವಹಣೆ ತಲೆ ಮೇಲಿರೋ ಪಿಎಂಜಿಎಸ್‌ವೈ (ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ) ಗುತ್ತಿಗೆದಾರರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಶುರುವಿನಲ್ಲಿ ಕೈಕೊಟ್ಟಿದ್ದು ಜಲ್ಲಿ. ಕ್ರಷರ್‌ನಿಂದ ಬಂದ ಲೋಡು ಪೂರ್ತಿ ಡಸ್ಟು. ಒಂದು ಹಿಡಿ ತೆಗೆದು ಉಜ್ಜಿದ್ರೆ ಅಂಗೈ ವಿಭೂತಿ ಹಚ್ಚಿದ ಹಾಗೆ ಬೆಳ್ಳಗಾಗೋದು. ಎಮಲ್ಷನ್ನು ಕಲ್ಲಿಗೆ ಹಿಡೀಲಿಲ್ಲ, ಧೂಳಿಗೆ ಹಿಡೀತು. ವಾರದೊಳಗೆ ತೆಂಗಿನಕಾಯಿ ಲಾರಿಗಳು ತಿರುವಿನಲ್ಲಿದ್ದ ಜಲ್ಲಿಯನ್ನೆಲ್ಲ ಪಕ್ಕಕ್ಕೆ ತಳ್ಳಿದವು, ಬೈಕಿನವರ ಬೈಗುಳ ಬೇರೆ. ಆಮೇಲಿಂದ ಜರಡಿ ಹಿಡಿಸಿ, ಟ್ಯಾಂಕರ್ ನೀರಲ್ಲಿ ತೊಳೆಸಿಯೇ ತರೋದು. ಲೋಡಿಗೆ ಏಳೆಂಟುನೂರು ಜಾಸ್ತಿ, ಆಗಲಿ. ಜಲ್ಲಿ ಸ್ವಲ್ಪ ತೇವ ಇದ್ರೂ ಕ್ಯಾಟಯಾನಿಕ್ (ಧನ ವಿದ್ಯುದಂಶ ಇರೋ) ಎಮಲ್ಷನ್ ತಕರಾರು ಮಾಡಲ್ಲ. ನೀರು ಸೋರಬಾರದು, ಅಷ್ಟೇ.

ಇನ್ನೊಂದು ಸಲ ಭರಣಿ ಮಳೆ ಹಿಡೀತು. ಸ್ಪ್ರೇ ಆಗಿ ಅರ್ಧ ಗಂಟೆ ಇಲ್ಲ, ಇನ್ನೂ ಕಂದು ಬಣ್ಣ, ಅಂದ್ರೆ ಎಮಲ್ಷನ್ ಹಿಡಿದಿರಲಿಲ್ಲ. ಅರವತ್ತು ಸಾವಿರದಷ್ಟು ಮಾಲು ಚರಂಡಿಗೆ ಹರಿದುಹೋಯ್ತು. ಹಾಗಂತ ಡಿಸೆಂಬರ್–ಜನವರಿಗೆ ಹಿಂದೂಡೋಣ ಅಂದ್ರೆ ಆಗ ರಸ್ತೆ ತುಂಬಾ ರಾಗಿ, ಹುರುಳಿ ಒಕ್ಕಣೆ. ಹಸಿ ಡಾಂಬರಿಗೆ ಹೊಟ್ಟು ಅಂಟಿದ್ರೆ ಯಾವ ಪೊರಕೆಗೂ ಬರಲ್ಲ. ಫೆಬ್ರವರಿ ಕೊನೆಯಿಂದ ಮಾರ್ಚ್, ನಮ್ಮ ಕಡೆಗೆ ಅದೇ ಸರಿ.

ಎಮಲ್ಷನ್ ಕಪ್ಪಾಗೋ ಮೊದಲೇ ಜಲ್ಲಿ ಬಿದ್ದಿರಬೇಕು. ನಾನು ಟಿಪ್ಪರನ್ನು ರಿವರ್ಸ್‌ನಲ್ಲೇ ಓಡಿಸ್ತೀನಿ, ಚಕ್ರ ಯಾವಾಗ್ಲೂ ಜಲ್ಲಿ ಮೇಲೇ ಇರಬೇಕು. ಹಿಂದೆಯೇ ಟೈರ್ ರೋಲರ್. ಕಬ್ಬಿಣದ ರೋಲರ್ ಜಲ್ಲಿ ಪುಡಿ ಮಾಡುತ್ತೆ. ಸ್ಪ್ರೇ ನಿಲ್ಲಿಸಿ ಮತ್ತೆ ಶುರು ಮಾಡೋ ಜಾಯಿಂಟಿನಲ್ಲಿ ಎಲ್ಲರಿಗೂ ದಪ್ಪ ಕಪ್ಪು ಪಟ್ಟಿ ಬರುತ್ತಲ್ಲ, ನನ್ನ ರಸ್ತೆಯಲ್ಲಿ ಬಂದಿಲ್ಲ. ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ಹುಣಸೆ ಮರದ ನೆರಳಿರೋ ಕಡೆ ಎಮಲ್ಷನ್ ಸ್ವಲ್ಪ ಜಾಸ್ತಿ ಕೊಟ್ಟು ನೋಡಿದೆ, ಜಲ್ಲಿ ಬಿಡೋದು ನಿಂತಿತು. ಶಾಲೆ ಮುಂದಿನ ತಿರುವಿಗೆ ಮೇಲೊಂದು ಪದರ 6 ಎಂಎಂ ಜಲ್ಲಿ ಹಾಕಿಸಿದೆ: ಟೈರಿನ ಸದ್ದು ಕಡಿಮೆ, ಜಲ್ಲಿ ಏಳಲ್ಲ, ಆದರೆ ಖರ್ಚು ಅರ್ಧಕ್ಕಿಂತ ಹೆಚ್ಚೇ ಏರಿತು. ಇಡೀ ರಸ್ತೆಗೆ ಹಾಗೆ ಮಾಡೋಕೆ ಗಿಟ್ಟಲ್ಲ.

ಈಗ ಗುಂಡಿ ಬಿದ್ದ ರಸ್ತೆ ತೋರಿಸಿ "ಇದಕ್ಕೂ ಹಾಕಿಕೊಡು" ಅಂತಾರೆ. ಇದು ಗುಂಡಿ ಮುಚ್ಚೋ ಕೆಲಸ ಅಲ್ಲ ಮಾರಾಯ್ರೇ. ಪ್ಯಾಚ್ ಹಾಕಿಸಿ, ಒಂದೆರಡು ತಿಂಗಳು ಗಾಡಿ ಓಡಾಡಿ ಕೂರಲಿ, ಆಮೇಲೆ ಕರೀರಿ ಅಂತ ಹೇಳಿ ಕಳಿಸ್ತಿದ್ದೀನಿ.